ಇಂಗ್ಲೆಂಡಿನ ಫ್ಲ್ಯಾಟಿನ ಲೀಸ್ 80 ವರ್ಷಕ್ಕೆ ಇಳಿಯುವ ಮುನ್ನ: ವಿಸ್ತರಣೆ ಹೇಗೆ, ವಕೀಲರು ಎಲ್ಲಿ ಬೇಕು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಲೀಸ್. ಹಳೆಯ ಕಟ್ಟಡವಾದರೆ 99 ವರ್ಷ, ಆಮೇಲಿನದಾದರೆ 125, ತೀರಾ ಹೊಸದಾದರೆ 250 ಅಥವಾ 999. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ಗೆ ಸೇರಿದ್ದು. ಅವಧಿ ಮುಗಿದರೆ ಫ್ಲ್ಯಾಟೂ ಅವರದೇ. ನಮ್ಮ ಬಿಡಿಎ ಲೀಸ್-ಕಮ್-ಸೇಲ್ ಸೈಟಿನ ಹಾಗೆ ಹತ್ತು ವರ್ಷ ಕಾದು ಕ್ರಯಪತ್ರ ಮಾಡಿಸಿಕೊಳ್ಳುವ ವ್ಯವಸ್ಥೆ ಇದಲ್ಲ. ಇಲ್ಲಿ ವರ್ಷ ಕಳೆದಷ್ಟೂ ನಿಮ್ಮ ಆಸ್ತಿ ಕರಗುತ್ತದೆ, ಲೀಸ್ ವಿಸ್ತರಿಸುವ ಖರ್ಚು ಏರುತ್ತದೆ.

ಹ್ಯಾರೋ, ಸ್ಲೌ, ರೆಡಿಂಗ್, ಹೌನ್ಸ್ಲೋ ಕಡೆ 2000ರ ದಶಕದಲ್ಲಿ ಫ್ಲ್ಯಾಟ್ ತೆಗೆದುಕೊಂಡು, ಈಗ ಅದನ್ನು ಬಾಡಿಗೆಗೆ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಮರಳಿದವರೂ ಈ ಲೇಖನ ಓದಬೇಕು. ಮನೆ ಕಣ್ಣೆದುರಿಗಿಲ್ಲದಿದ್ದರೆ ಲೀಸಿನ ನೆನಪೂ ಇರುವುದಿಲ್ಲ. ಮಾರಲು ಹೊರಟಾಗ ಕೊಳ್ಳುವವರ ಬ್ಯಾಂಕು "ಲೀಸ್ ಕಮ್ಮಿಯಾಯಿತು, ಸಾಲ ಕೊಡುವುದಿಲ್ಲ" ಎಂದಾಗಲೇ ವಿಷಯ ತಿಳಿಯುವುದು. ಸ್ಕಾಟ್ಲೆಂಡಿನಲ್ಲಿ ಕಾನೂನೇ ಬೇರೆ, ಅಲ್ಲಿನವರಿಗೆ ಇದು ಅನ್ವಯಿಸುವುದಿಲ್ಲ.

ಮೊದಲು ಎಷ್ಟು ವರ್ಷ ಉಳಿದಿದೆ ಎಂದು ನೋಡಿ

ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ವೆಬ್‌ಸೈಟಿನಲ್ಲಿ 7 ಪೌಂಡ್ ಕಟ್ಟಿದರೆ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ತಕ್ಷಣ ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವ ಖಾಸಗಿ ವೆಬ್‌ಸೈಟುಗಳು ಇದೇ ಕಾಗದಕ್ಕೆ ಹಲವು ಪಟ್ಟು ಕೀಳುತ್ತವೆ. ವಿಳಾಸ ನೋಡಿಕೊಂಡು ಕಟ್ಟಿ.

ಅದರಲ್ಲಿ ಲೀಸಿನ ಅವಧಿ ಮತ್ತು ಅದು ಶುರುವಾದ ದಿನಾಂಕ ಇರುತ್ತದೆ. ಲೆಕ್ಕ ಆ ದಿನದಿಂದ; ನೀವು ಕೊಂಡ ದಿನದಿಂದಲ್ಲ. "25 ಮಾರ್ಚ್ 2008ರಿಂದ 99 ವರ್ಷ" ಎಂದಿದ್ದರೆ, ನೀವು 2015ರಲ್ಲಿ ಕೊಂಡಿದ್ದರೂ ಲೀಸ್ ಮುಗಿಯುವುದು 2107ರ ಮಾರ್ಚಿನಲ್ಲಿ. ಅಂದರೆ 2027ರ ಮಾರ್ಚಿಗೆ ಸರಿಯಾಗಿ 80 ವರ್ಷ ಉಳಿಯುತ್ತದೆ.

ಈ 80 ಯಾಕೆ ಮುಖ್ಯ? 1993ರ ಲೀಸ್‌ಹೋಲ್ಡ್ ರಿಫಾರ್ಮ್ ಕಾಯ್ದೆಯ ಪ್ರಕಾರ ಲೀಸಿಗೆ 90 ವರ್ಷ ಸೇರಿಸಿಕೊಳ್ಳುವ ಹಕ್ಕು ನಿಮಗಿದೆ, ಅದಕ್ಕೆ ಫ್ರೀಹೋಲ್ಡರ್‌ಗೆ ಕೊಡುವ ಬೆಲೆಯೇ ಪ್ರೀಮಿಯಂ. ಅದರಲ್ಲಿ ಎರಡು ಭಾಗ ಯಾವಾಗಲೂ ಇರುತ್ತದೆ: ಅವರು ಕಳೆದುಕೊಳ್ಳುವ ಗ್ರೌಂಡ್ ರೆಂಟಿನ (ಲೀಸಿನ ಪ್ರಕಾರ ನೀವು ಅವರಿಗೆ ವರ್ಷ ವರ್ಷ ಕಟ್ಟುವ ನೆಲಬಾಡಿಗೆ) ಇಂದಿನ ಬೆಲೆ, ಮತ್ತು ಲೀಸ್ ಮುಗಿದಾಗ ಸಿಗಬೇಕಿದ್ದ ಫ್ಲ್ಯಾಟಿಗಾಗಿ ಇನ್ನೂ 90 ವರ್ಷ ಕಾಯಬೇಕಾದ್ದಕ್ಕೆ ಪರಿಹಾರ. ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ ಇಷ್ಟೇ. ಅದಕ್ಕಿಂತ ಇಳಿದರೆ ಮೂರನೆಯ ಭಾಗ ಸೇರಿಕೊಳ್ಳುತ್ತದೆ. ಲೀಸ್ ಉದ್ದವಾದ್ದರಿಂದ ಒಟ್ಟಾರೆ ಹೆಚ್ಚುವ ಬೆಲೆಯಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಆ ಹೆಚ್ಚುವ ಬೆಲೆಯನ್ನೇ ಮ್ಯಾರೇಜ್ ವ್ಯಾಲ್ಯೂ ಎನ್ನುತ್ತಾರೆ.

ಅಂಕಿ ಇಟ್ಟು ನೋಡೋಣ. ಉದ್ದ ಲೀಸ್ ಇದ್ದರೆ 3,00,000 ಪೌಂಡ್ ಬಾಳುವ ಫ್ಲ್ಯಾಟು, ವರ್ಷಕ್ಕೆ 200 ಪೌಂಡ್ ಏರದ ಗ್ರೌಂಡ್ ರೆಂಟ್, 81 ವರ್ಷ ಬಾಕಿ ಎಂದುಕೊಳ್ಳಿ. ಗ್ರೌಂಡ್ ರೆಂಟನ್ನು ಶೇ 7ರ ಬಡ್ಡಿ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಸುಮಾರು 2,850 ಪೌಂಡ್. ಕೊನೆಗೆ ಸಿಗುವ ಫ್ಲ್ಯಾಟಿಗೆ ಶೇ 5ರ ದರ. ಫ್ಲ್ಯಾಟುಗಳಿಗೆ ಈ ದರ ಸ್ಪೋರ್ಟೆಲ್ಲಿ ಪ್ರಕರಣದಿಂದ ನಿಂತುಬಿಟ್ಟಿದೆ. ಅದರಿಂದ ಸುಮಾರು 5,700. ಒಟ್ಟು 8,500 ಪೌಂಡಿನ ಆಸುಪಾಸು.

ಅದೇ ಫ್ಲ್ಯಾಟಿನಲ್ಲಿ 75 ವರ್ಷ ಮಾತ್ರ ಉಳಿದಿದ್ದರೆ ಮೊದಲೆರಡು ಭಾಗಕ್ಕೇ ಸುಮಾರು 10,500 ಆಗುತ್ತದೆ. ಚಿಕ್ಕ ಲೀಸಿನ ಫ್ಲ್ಯಾಟು ಉದ್ದ ಲೀಸಿನ ಬೆಲೆಯಲ್ಲಿ ಶೇ 92 ಬಾಳುತ್ತದೆ ಎಂದು ಹಿಡಿದರೆ, ಮ್ಯಾರೇಜ್ ವ್ಯಾಲ್ಯೂನ ಅರ್ಧ ಸುಮಾರು 6,800. ಒಟ್ಟು 17,000 ದಾಟಿತು. ಆರು ವರ್ಷ ಸುಮ್ಮನಿದ್ದದ್ದಕ್ಕೆ ಪ್ರೀಮಿಯಂ ಎರಡು ಪಟ್ಟು. ಶೇ 92 ಎನ್ನುವುದು ನಾನು ಇಟ್ಟುಕೊಂಡ ಅಂಕಿ. ನಿಜವಾದ ಕಚ್ಚಾಟ ನಡೆಯುವುದೇ ಆ ಶೇಕಡಾವಾರಿನ ಮೇಲೆ. ಸ್ಥೂಲ ಅಂದಾಜಿಗೆ ಸರ್ಕಾರಿ ನೆರವಿನ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್ ತನ್ನ ವೆಬ್‌ಸೈಟಿನಲ್ಲಿ ಕ್ಯಾಲ್ಕ್ಯುಲೇಟರ್ ಇಟ್ಟಿದೆ. ಅಲ್ಲಿ ಉಚಿತ ಸಲಹೆಯೂ ಸಿಗುತ್ತದೆ. ವಕೀಲರಿಗೆ ಒಂದು ಪೆನ್ನಿ ಕೊಡುವ ಮೊದಲು ಅದನ್ನು ಬಳಸಿ.

ಹೊಸ ಕಾನೂನಿಗೆ ಕಾಯಬೇಕೇ?

ಎಲ್ಲರೂ ಕೇಳುವ ಪ್ರಶ್ನೆ ಇದು. 2024ರ ಮೇ 24ರಂದು ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಕಾಯ್ದೆಗೆ ರಾಜಮುದ್ರೆ ಬಿತ್ತು. ಅದರಲ್ಲಿ 90ರ ಬದಲು 990 ವರ್ಷದ ವಿಸ್ತರಣೆ ಇದೆ, ಮ್ಯಾರೇಜ್ ವ್ಯಾಲ್ಯೂ ರದ್ದಾಗುತ್ತದೆ, ಫ್ರೀಹೋಲ್ಡರ್ ವಕೀಲರ ಖರ್ಚನ್ನು ಸಾಮಾನ್ಯವಾಗಿ ನೀವು ಭರಿಸಬೇಕಿಲ್ಲ. ಕೇಳಲು ಹಬ್ಬ. ಆದರೆ ಈ ಲೇಖನ ಬರೆಯುವ ಹೊತ್ತಿಗೆ ಆ ಭಾಗಗಳು ಜಾರಿಗೆ ಬಂದಿಲ್ಲ. ಬಂದದ್ದು ಒಂದು ಮುಖ್ಯ ಬದಲಾವಣೆ: ಮೊದಲು ಫ್ಲ್ಯಾಟು ನಿಮ್ಮ ಹೆಸರಿಗಾಗಿ ಎರಡು ವರ್ಷ ಆಗಿರಬೇಕಿತ್ತು, 2025ರ ಜನವರಿ 31ರಿಂದ ಆ ಷರತ್ತು ಹೋಯಿತು. ಇವತ್ತು ಕೊಂಡು ಹೆಸರು ನೋಂದಣಿಯಾದ ಕೂಡಲೇ ಅರ್ಜಿ ಹಾಕಬಹುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 80ಕ್ಕಿಂತ ಮೇಲಿದ್ದು, ಇನ್ನೊಂದೆರಡು ವರ್ಷದಲ್ಲಿ ಆ ಗೆರೆ ದಾಟುವಂತಿದ್ದರೆ ಕಾಯಬೇಡಿ. ಮ್ಯಾರೇಜ್ ವ್ಯಾಲ್ಯೂ ಈಗಲೇ ಸೊನ್ನೆ ಇರುವ ನಿಮಗೆ ಅದು ರದ್ದಾದರೆ ಸಿಗುವ ಲಾಭವೇನು? ಮಾರಬೇಕು ಅಥವಾ ಸಾಲ ಬದಲಿಸಬೇಕು ಎಂದಿದ್ದರೂ ಕಾಯಲು ಆಗುವುದಿಲ್ಲ. ಈಗಾಗಲೇ 70ರ ಆಸುಪಾಸಿಗೆ ಇಳಿದಿದ್ದು, ಇನ್ನೂ ಹಲವು ವರ್ಷ ಅಲ್ಲೇ ಇರುವವರಿಗೆ ಮಾತ್ರ ಕಾಯುವುದರಲ್ಲಿ ಅರ್ಥವಿದೆ. ಅವರೂ ಒಂದು ಮಾತು ನೆನಪಿಡಲಿ: ಹೊಸ ಲೆಕ್ಕಕ್ಕೆ ಬಡ್ಡಿ ದರ ಗೊತ್ತು ಮಾಡುವುದು ಸರ್ಕಾರ. ಅದು ಶೇ 5ಕ್ಕಿಂತ ಕೆಳಗಿದ್ದರೆ ಪ್ರೀಮಿಯಂನ ಇನ್ನೊಂದು ಭಾಗ ಏರುತ್ತದೆ. ಅರ್ಜಿ ಹಾಕುವ ದಿನ ಯಾವ ಯಾವ ಕಲಂ ಜಾರಿಯಲ್ಲಿದೆ ಎಂಬುದೇ ವಕೀಲರಿಗೆ ನಿಮ್ಮ ಮೊದಲ ಪ್ರಶ್ನೆಯಾಗಲಿ.

ಫ್ರೀಹೋಲ್ಡರ್‌ನ ಸ್ನೇಹದ ಪತ್ರ

ನೀವು ವಿಚಾರಿಸಿದ್ದು ಗೊತ್ತಾದರೆ, ಕೆಲವೊಮ್ಮೆ ಗೊತ್ತಾಗದೆಯೂ, ಫ್ರೀಹೋಲ್ಡರ್ ಏಜೆಂಟರಿಂದ ಒಂದು ಪತ್ರ ಬರುತ್ತದೆ. "ನಿಮ್ಮ ಲೀಸನ್ನು 125 ವರ್ಷಕ್ಕೆ ವಿಸ್ತರಿಸಿಕೊಡುತ್ತೇವೆ, ಪ್ರೀಮಿಯಂ ಇಷ್ಟು, ಇಂತಿಷ್ಟು ದಿನದಲ್ಲಿ ಒಪ್ಪಿಗೆ ತಿಳಿಸಿ." ಕಾಯ್ದೆಯ ದಾರಿಗಿಂತ ಬೇಗ, ಅಗ್ಗ ಎಂದೂ ಸೇರಿಸಿರುತ್ತಾರೆ.

ಪೆನ್ಸಿಲ್ ತೆಗೆದುಕೊಳ್ಳಿ. ಬಾಕಿ 82 ವರ್ಷವಿದ್ದರೆ 125ಕ್ಕೆ ಏರಿಸುವುದು ಎಂದರೆ ಸೇರುವುದು ಬರೀ 43 ವರ್ಷ. ಕಾಯ್ದೆಯ ದಾರಿಯಲ್ಲಿ 82ಕ್ಕೆ 90 ಸೇರಿ 172. ಕಾಯ್ದೆಯ ದಾರಿಯಲ್ಲಿ ಗ್ರೌಂಡ್ ರೆಂಟ್ ಮೊದಲ ದಿನದಿಂದಲೇ ಸೊನ್ನೆ. ಕಾಗದದಲ್ಲಿ ಅದನ್ನು 'ಒಂದು ಮೆಣಸಿನಕಾಳು' ಎಂದು ಬರೆಯುತ್ತಾರೆ, ಯಾರೂ ಕೊಡುವುದೂ ಇಲ್ಲ ಕೇಳುವುದೂ ಇಲ್ಲ. ಮಾತುಕತೆಯ ದಾರಿಯಲ್ಲಿ ಹಾಗಲ್ಲ. 2022ರ ಗ್ರೌಂಡ್ ರೆಂಟ್ ಕಾಯ್ದೆ ಬಂದ ಮೇಲೂ, ಹಳೆಯ ಲೀಸಿನ ಉಳಿದ ಅವಧಿಗೆ ಹಳೆಯ ಬಾಡಿಗೆ ಮುಂದುವರಿಸಲು ಅವಕಾಶವಿದೆ. ಸೇರಿಸಿದ ವರ್ಷಗಳಿಗೆ ಮಾತ್ರ ಸೊನ್ನೆ. ಬಾಡಿಗೆ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತು ನಿಮ್ಮ ಹಳೆಯ ಲೀಸಿನಲ್ಲಿದ್ದರೆ ಅದು ಹಾಗೇ ಉಳಿಯಬಹುದು.

ಇನ್ನೂ ಒಂದು ತೊಂದರೆ: ಮಾತುಕತೆಯ ದಾರಿಯಲ್ಲಿ ಅವರು ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು. ನಾಲ್ಕು ತಿಂಗಳು ಇಮೇಲ್ ಆಡಿಸಿ, ನಿಮ್ಮ ಲೀಸ್ 80ರ ಕೆಳಗೆ ಇಳಿದ ಮೇಲೆ ಹೊಸ ಬೆಲೆ ಹೇಳಿದರೆ ನೀವು ಏನೂ ಮಾಡುವಂತಿಲ್ಲ. ಕಾಯ್ದೆಯ ನೋಟಿಸ್ ಕೊಟ್ಟ ದಿನವೇ ಬೆಲೆ ಲೆಕ್ಕದ ದಿನ. ಆಮೇಲೆ ಎಷ್ಟು ಎಳೆದರೂ ಉಳಿದ ವರ್ಷಗಳ ಲೆಕ್ಕ ಅಲ್ಲೇ ನಿಲ್ಲುತ್ತದೆ. ಹಾಗಂತ ಮಾತುಕತೆ ಯಾವಾಗಲೂ ಕೆಟ್ಟದ್ದಲ್ಲ. ಫ್ರೀಹೋಲ್ಡ್ ಅದೇ ಕಟ್ಟಡದ ನಿವಾಸಿಗಳ ಕಂಪನಿಯದಾಗಿದ್ದರೆ 999 ವರ್ಷವನ್ನೇ ಕಡಿಮೆ ಖರ್ಚಿನಲ್ಲಿ ಮಾಡಿಕೊಡುವುದುಂಟು. ಬೇರೆಯವರ ಪತ್ರಕ್ಕೆ, ಸರ್ವೇಯರ್ (ಆಸ್ತಿಯ ಬೆಲೆ ಕಟ್ಟುವವರು) ಕೈಲಿ ಲೆಕ್ಕ ಹಾಕಿಸದೆ ಉತ್ತರಿಸಬೇಡಿ.

ಯಾರನ್ನು ಗೊತ್ತು ಮಾಡಿಕೊಳ್ಳುವುದು

ಇಬ್ಬರು ಬೇಕು: ಒಬ್ಬ ಸಾಲಿಸಿಟರ್ (ಅಲ್ಲಿನ ವಕೀಲರು), ಒಬ್ಬ ಸರ್ವೇಯರ್. ಮನೆ ಕೊಂಡಾಗ ಕಾಗದ ನೋಡಿದ ಕನ್ವೇಯನ್ಸರ್‌ಗೆ ಈ ಕೆಲಸ ಬರುತ್ತದೆ ಎಂದುಕೊಳ್ಳಬೇಡಿ. ಇದು ದಿನಾಂಕಗಳ ಆಟ. ದಿನವೂ ಆಡುವವರೇ ಬೇಕು. ಲೀಸ್ ವಿಸ್ತರಣೆಯಲ್ಲೇ ಪಳಗಿದ ವಕೀಲರು, ಸರ್ವೇಯರ್‌ಗಳ ಸಂಘ ಒಂದಿದೆ: ಅಸೋಸಿಯೇಷನ್ ಆಫ್ ಲೀಸ್‌ಹೋಲ್ಡ್ ಎನ್‌ಫ್ರಾಂಚೈಸ್‌ಮೆಂಟ್ ಪ್ರಾಕ್ಟೀಷನರ್ಸ್, ಬಾಯಿಮಾತಿನಲ್ಲಿ 'ಅಲೆಪ್'. ಅದರ ಸದಸ್ಯರ ಪಟ್ಟಿಯಿಂದ ಹುಡುಕಿ. ಸರ್ವೇಯರ್ ತಮ್ಮ ವೃತ್ತಿ ಸಂಸ್ಥೆಯಾದ ಆರ್‌ಐಸಿಎಸ್ ಸದಸ್ಯರಾಗಿರಲಿ, ನಿಮ್ಮ ಏರಿಯಾದ ಬೆಲೆ ಬಲ್ಲವರಾಗಿರಲಿ. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ "ನಮ್ಮವರೇ ಒಬ್ಬರು ಲಾಯರ್ ಇದ್ದಾರೆ" ಎಂದು ಬರುವ ನಂಬರನ್ನೂ ಇದೇ ಪ್ರಶ್ನೆ ಕೇಳಿ ನೋಡಿ, ಸಂಕೋಚ ಬೇಡ:

- ಕಳೆದ ವರ್ಷ ಇಂಥ ಎಷ್ಟು ನೋಟಿಸ್ ಕೊಟ್ಟಿದ್ದೀರಿ?
- ಹೇಳಿದ ಫೀ ಯಾವ ಹಂತದವರೆಗೆ? ಬೆಲೆ ಕುದುರದೆ ಟ್ರಿಬ್ಯೂನಲ್‌ಗೆ (ಆ ಬೆಲೆ ತೀರ್ಮಾನಿಸುವ ನ್ಯಾಯಮಂಡಳಿ) ಹೋದರೆ ಗಂಟೆಗೆ ಎಷ್ಟು? ಶೇ 20 ವ್ಯಾಟ್ ಸೇರಿಯೋ, ಬಿಟ್ಟೋ?
- ಗಡುವುಗಳನ್ನು ನೋಡಿಕೊಳ್ಳುವವರು ಯಾರು? ಅವರು ರಜೆಯಲ್ಲಿದ್ದರೆ?

ಮೂರನೆಯದಕ್ಕೆ ತಡವರಿಸಿದವರನ್ನು ಬಿಟ್ಟುಬಿಡಿ.

ಖರ್ಚಿನ ಲೆಕ್ಕದಲ್ಲಿ ಜನ ಮರೆಯುವ ಬಾಬತ್ತು ಒಂದಿದೆ. ಈಗಿನ ಕಾನೂನಿನಲ್ಲಿ ಫ್ರೀಹೋಲ್ಡರ್‌ನ ವಕೀಲರ, ಸರ್ವೇಯರರ ನ್ಯಾಯಯುತ ಫೀಯನ್ನೂ ನೀವೇ ಕೊಡಬೇಕು. ಟ್ರಿಬ್ಯೂನಲ್‌ನಲ್ಲಿ ಅವರು ವಾದಿಸುವ ಖರ್ಚು ಮಾತ್ರ ಅವರದೇ. ಪ್ರೀಮಿಯಂ, ನಿಮ್ಮಿಬ್ಬರ ಫೀ, ಅವರಿಬ್ಬರ ಫೀ, ಲ್ಯಾಂಡ್ ರಿಜಿಸ್ಟ್ರಿ ಶುಲ್ಕ ಎಲ್ಲ ಒಂದೇ ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿ. ಅದೇ ಕಟ್ಟಡದ ಇನ್ನೂ ಇಬ್ಬರು ಮೂವರು ಒಟ್ಟಿಗೆ ಬಂದರೆ ಫೀ ಇಳಿಸುವವರಿದ್ದಾರೆ. ನೆರೆಯವರ ಬಾಗಿಲು ತಟ್ಟಿ ನೋಡಿ.

ನೋಟಿಸ್: ಇಲ್ಲಿ ಅಕ್ಷರವೂ ತಪ್ಪಬಾರದು

ಸರ್ವೇಯರ್ ಫ್ಲ್ಯಾಟ್ ನೋಡಿ ಒಂದು ವರದಿ ಕೊಡುತ್ತಾರೆ: ಕನಿಷ್ಠ ಎಷ್ಟಾಗಬಹುದು, ಗರಿಷ್ಠ ಎಷ್ಟು, ನೋಟಿಸಿನಲ್ಲಿ ಎಷ್ಟು ಹಾಕಬೇಕು. ಆ ಅಂಕಿ ತಗ್ಗಿರಬಹುದು, ತಮಾಷೆಯಾಗಿರಬಾರದು. 1990ರ ದಶಕದ ಕೊನೆಯಲ್ಲಿ ಒಬ್ಬರು ದುಬಾರಿ ಫ್ಲ್ಯಾಟಿಗೆ 100 ಪೌಂಡ್ ಎಂದು ಬರೆದು, ಇದು ನಿಜವಾದ ಪ್ರಸ್ತಾಪವೇ ಅಲ್ಲ ಎಂದು ಕೋರ್ಟು ನೋಟಿಸನ್ನೇ ತಳ್ಳಿಹಾಕಿತು.

ಸಾಲಿಸಿಟರ್ ಬರೆಯುವುದು 1993ರ ಕಾಯ್ದೆಯ 42ನೇ ಕಲಂ ನೋಟಿಸ್. ಯಾರಿಗೆ ಕೊಡಬೇಕು ಎಂಬುದೇ ಮೊದಲ ತೊಡಕು. ನಿಮ್ಮ ಫ್ರೀಹೋಲ್ಡರ್ ಮತ್ತು ನಿಮ್ಮ ನಡುವೆ ಇನ್ನೊಬ್ಬ ಹೆಡ್ ಲೀಸಿನವರು (ಫ್ರೀಹೋಲ್ಡರ್‌ನಿಂದ ತಾವು ಲೀಸ್ ಪಡೆದು ನಿಮಗೆ ಕೊಟ್ಟವರು) ಇರಬಹುದು. ಗ್ರೌಂಡ್ ರೆಂಟ್ ಬಿಲ್ ಕಳಿಸುವ ಮ್ಯಾನೇಜ್‌ಮೆಂಟ್ ಕಂಪನಿ ಬರೀ ಏಜೆಂಟ್ ಇರಬಹುದು. ಫ್ರೀಹೋಲ್ಡರ್ ಪತ್ತೆಯೇ ಇಲ್ಲದಿದ್ದರೆ ಕೌಂಟಿ ಕೋರ್ಟಿನ ಆದೇಶ ತಂದು ಮುಂದುವರಿಯುವ ದಾರಿಯೂ ಇದೆ.

ಎರಡನೆಯ ತೊಡಕು ನಮ್ಮವರಿಗೇ ವಿಶೇಷ: ಹೆಸರು. ನೋಟಿಸಿನಲ್ಲಿ ಲೀಸ್‌ದಾರರ, ಅಂದರೆ ನಿಮ್ಮ, ಪೂರ್ತಿ ಹೆಸರಿರಬೇಕು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಪಾಸ್‌ಪೋರ್ಟಿನಲ್ಲಿ ಊರು, ತಂದೆ, ಸ್ವಂತ ಹೆಸರು ಮೂರೂ ಬಿಡಿಸಿ. ಬ್ರಿಟಿಷ್ ಪೌರತ್ವ ತೆಗೆದುಕೊಂಡ ಮೇಲೆ ಮತ್ತೊಂದು ಕ್ರಮ. ಹೆಂಡತಿಯ ಹೆಸರು ಮದುವೆಗೆ ಮುಂಚಿನದು. ಇವನ್ನೆಲ್ಲ ಮೊದಲ ಇಮೇಲಿನಲ್ಲೇ ವಕೀಲರ ಮುಂದಿಡಿ. ಇಬ್ಬರ ಹೆಸರಿನಲ್ಲಿ ಫ್ಲ್ಯಾಟು ಇದ್ದರೆ ನೋಟಿಸ್ ಇಬ್ಬರದೂ ಆಗಿರಬೇಕು.

ನೋಟಿಸ್ ತಲುಪಿದ್ದಕ್ಕೆ ದಾಖಲೆ ಇರಲಿ. ಜೊತೆಗೆ ಅದನ್ನು ಫ್ರೀಹೋಲ್ಡರ್‌ನ ಟೈಟಲಿನ ಮೇಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಿಸಲು ಹೇಳಿ. ನಡುವೆ ಅವರು ಕಟ್ಟಡವನ್ನೇ ಮಾರಿದರೂ ನಿಮ್ಮ ಹಕ್ಕು ಉಳಿಯುತ್ತದೆ. ಫ್ರೀಹೋಲ್ಡರ್ ಮುಂಗಡ ಕೇಳಬಹುದು: ನೋಟಿಸಿನ ಮೊತ್ತದಲ್ಲಿ ಶೇ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ಆ ಹಣ ಸಿದ್ಧವಿಟ್ಟುಕೊಂಡೇ ನೋಟಿಸ್ ಕಳಿಸಿ.

ಆಮೇಲಿನ ದಿನಾಂಕಗಳು

ಕೌಂಟರ್ ನೋಟಿಸ್ ಕೊಡಲು ಫ್ರೀಹೋಲ್ಡರ್‌ಗೆ ಕನಿಷ್ಠ ಎರಡು ತಿಂಗಳು ಸಮಯವಿರಬೇಕು. ಕೊನೆಯ ದಿನ ಯಾವುದೆಂದು ನಿಮ್ಮ ನೋಟಿಸಿನಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಆ ಕೊನೆಯ ವಾರದಲ್ಲೇ ಉತ್ತರ ಬರುತ್ತದೆ: ಹಕ್ಕು ಒಪ್ಪಿದ್ದೇವೆ, ಬೆಲೆ ಒಪ್ಪುವುದಿಲ್ಲ. ನೀವು 8,000 ಎಂದಿದ್ದರೆ ಅವರು 19,000 ಎನ್ನುತ್ತಾರೆ. ಗಾಬರಿ ಬೇಡ, ಅದು ಚೌಕಾಸಿಯ ಮೊದಲ ಮಾತು. ಮುಂದೆ ಇಬ್ಬರು ಸರ್ವೇಯರ್‌ಗಳು ಮಾತಾಡುತ್ತಾರೆ, ಬಹುಪಾಲು ಪ್ರಕರಣ ಅಲ್ಲೇ ಇತ್ಯರ್ಥ. ಗಡುವಿನೊಳಗೆ ಅವರು ಉತ್ತರವನ್ನೇ ಕೊಡದಿದ್ದರೆ, ಆರು ತಿಂಗಳೊಳಗೆ ಕೌಂಟಿ ಕೋರ್ಟಿಗೆ ಹೋದರೆ ನಿಮ್ಮ ನೋಟಿಸಿನ ಬೆಲೆಗೇ ಲೀಸ್ ಸಿಗಬಹುದು. ಎದುರು ಪಕ್ಷದ ವಕೀಲರು ದಿನಾಂಕ ಮರೆತರೆ ಅದು ನಿಮಗೆ ಬಂದ ಲಾಟರಿ.

ನಿಮ್ಮ ಕಡೆಯವರು ಮರೆತರೆ? ಇದೇ ನಿಜವಾದ ಅಪಾಯ. ಕೌಂಟರ್ ನೋಟಿಸ್ ಬಂದು ಎರಡು ತಿಂಗಳ ಮೇಲೆ, ಆರು ತಿಂಗಳ ಒಳಗೆ, ಬೆಲೆ ಕುದುರದಿದ್ದರೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲೇಬೇಕು (ವೇಲ್ಸ್‌ನಲ್ಲಿ ಅಲ್ಲಿನದೇ ಟ್ರಿಬ್ಯೂನಲ್). ಮಾತುಕತೆ ಚೆನ್ನಾಗಿ ನಡೆಯುತ್ತಿದೆ ಎಂದು ಸುಮ್ಮನಿದ್ದು ಆರು ತಿಂಗಳು ದಾಟಿದರೆ ನಿಮ್ಮ ನೋಟಿಸ್ ತಾನಾಗಿ ಬಿದ್ದುಹೋಗುತ್ತದೆ. ಮತ್ತೆ 12 ತಿಂಗಳು ಹೊಸ ನೋಟಿಸ್ ಕೊಡುವಂತಿಲ್ಲ, ಅವರ ಖರ್ಚೂ ನಿಮ್ಮ ತಲೆಗೆ. 80ರ ಗೆರೆಯ ಹತ್ತಿರ ಇದ್ದವರಿಗೆ ಆ ಒಂದು ವರ್ಷದ ಬೆಲೆ ಎಷ್ಟೆಂದು ಮೇಲೆ ನೋಡಿದಿರಿ. ಆದ್ದರಿಂದ ಐದನೇ ತಿಂಗಳ ಹೊತ್ತಿಗೆ ಅರ್ಜಿ ಹಾಕಿಬಿಡಿ. ಅರ್ಜಿ ಹಾಕಿದ ಮೇಲೂ ಮಾತುಕತೆ ಮುಂದುವರಿಸಬಹುದು.

ಬೆಲೆ ಮತ್ತು ಷರತ್ತು ಒಪ್ಪಿಗೆಯಾದ ಮೇಲೂ ಗಡುವು ಮುಗಿಯುವುದಿಲ್ಲ. ಎರಡು ತಿಂಗಳಲ್ಲಿ ಹೊಸ ಲೀಸಿಗೆ ಸಹಿ ಬೀಳದಿದ್ದರೆ, ಮುಂದಿನ ಎರಡು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಈ ಎಲ್ಲ ದಿನಾಂಕಗಳನ್ನು ನಿಮ್ಮ ಫೋನಿನ ಕ್ಯಾಲೆಂಡರಿನಲ್ಲೂ ಹಾಕಿಕೊಳ್ಳಿ. ವಕೀಲರಿಗೆ ಫೀ ಕೊಟ್ಟಿದ್ದೇವಲ್ಲ ಎಂದು ನೀವು ಮರೆಯಬೇಕಿಲ್ಲ.

ಅವರ ವಕೀಲರು ಕಳಿಸುವ ಕರಡನ್ನು ಹಳೆಯ ಲೀಸಿನ ಪಕ್ಕದಲ್ಲಿಟ್ಟು ಓದಿಸಿ. ಕಾಯ್ದೆಯ ದಾರಿಯಲ್ಲಿ ಹೊಸ ಲೀಸ್ ಬಹುಮಟ್ಟಿಗೆ ಹಳೆಯ ಷರತ್ತಿನಲ್ಲೇ ಇರಬೇಕು. ಬಾಡಿಗೆಗೆ ಬಿಡುವಾಗ ಒಪ್ಪಿಗೆ ಶುಲ್ಕ, ಹೊಸ ಆಡಳಿತ ಶುಲ್ಕ ಎಂದೆಲ್ಲ ಸದ್ದಿಲ್ಲದೆ ಸೇರಿಸಲು ನೋಡುವವರಿದ್ದಾರೆ.

ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ

ಪ್ರೀಮಿಯಂ ಕಟ್ಟುವ ಹೊತ್ತಿಗೆ ನಿಮ್ಮ ಸಾಲಿಸಿಟರೇ ಪೊಲೀಸರ ಹಾಗೆ ಕೇಳತೊಡಗುತ್ತಾರೆ. ಅಕ್ರಮ ಹಣ ತಡೆ ನಿಯಮದಡಿ ಅದು ಅವರ ಕರ್ತವ್ಯ. ಸಂಬಳದ ಉಳಿತಾಯವಾದರೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಾಗಬಹುದು. ಅಪ್ಪ ಹಾಸನದ ಸೈಟು ಮಾರಿ ಕಳಿಸಿದ ಹಣವಾದರೆ ಕ್ರಯಪತ್ರ ಬೇಕು, ಹಣ ಅವರ ಖಾತೆಗೆ ಬಂದ ದಾಖಲೆ ಬೇಕು, ಅಲ್ಲಿಂದ ನಿಮಗೆ ಬಂದ ದಾಖಲೆ ಬೇಕು, ಇದು ಉಡುಗೊರೆ ಎಂಬ ಪತ್ರವೂ ಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿ. ಸಬ್ ರಿಜಿಸ್ಟ್ರಾರ್ ಸೀಲಿನ ಪುಟವನ್ನೂ ಬಿಡದೆ. ಇದಕ್ಕೇ ವಾರಗಟ್ಟಲೆ ಹೋಗುತ್ತದೆ, ಗಡುವುಗಳ ನಡುವೆ ಸಿಕ್ಕಿಕೊಳ್ಳಬೇಡಿ.

ಭಾರತದಲ್ಲಿ ನೆಲೆಸಿರುವವರು ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಬೆಂಗಳೂರಿನಲ್ಲಿ ಕುಳಿತು ಸಹಿ ಹಾಕುವವರಿಗೆ ಒಂದು ಮಾತು. ಹೊಸ ಲೀಸ್ ಒಂದು ಡೀಡ್. ನೀವು ಸಹಿ ಹಾಕುವಾಗ ಸಾಕ್ಷಿ ಎದುರಿಗೇ ಇರಬೇಕು, ವಿಡಿಯೊ ಕರೆಯಲ್ಲಿ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಮಾಲೀಕರಾದರೆ ಒಬ್ಬರಿಗೊಬ್ಬರು ಸಾಕ್ಷಿಯಾಗುವಂತಿಲ್ಲ. ಪಕ್ಕದ ಮನೆಯವರು ಆದೀತು. ಲಂಡನ್ನಿನಲ್ಲಿರುವ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಅದರ ನಮೂನೆಯನ್ನು ಅಲ್ಲಿನ ಸಾಲಿಸಿಟರೇ ಬರೆಯಲಿ. ಇಲ್ಲಿನ ಸ್ಟ್ಯಾಂಪ್ ಪೇಪರಿನ ಸಿದ್ಧ ನಮೂನೆ ಅಲ್ಲಿ ನಡೆಯುವುದಿಲ್ಲ. ನೋಟರಿ, ಅಪೊಸ್ಟಿಲ್ (ಕಾಗದ ವಿದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಬೇಕೇ ಎಂಬುದನ್ನೂ ಅವರನ್ನೇ ಕೇಳಿ.

ಸಹಿ ಆದ ಮೇಲೆ

ಫ್ಲ್ಯಾಟಿನ ಮೇಲೆ ಸಾಲವಿದ್ದರೆ, ಕಾಯ್ದೆಯ ದಾರಿಯಲ್ಲಿ ಬ್ಯಾಂಕಿನ ಅಡಮಾನ ಹೊಸ ಲೀಸಿಗೆ ತಾನಾಗಿ ವರ್ಗವಾಗುತ್ತದೆ, ಆದರೂ ಬ್ಯಾಂಕಿಗೆ ತಿಳಿಸಬೇಕು. ಮಾತುಕತೆಯ ದಾರಿಯಾದರೆ ಬ್ಯಾಂಕಿನ ಒಪ್ಪಿಗೆ ಮೊದಲೇ ಪಡೆಯಬೇಕು. ಪ್ರೀಮಿಯಂ 40,000 ಪೌಂಡ್ ಮುಟ್ಟುವಂತಿದ್ದರೆ ಸ್ಟ್ಯಾಂಪ್ ಡ್ಯೂಟಿ ಬಗ್ಗೆ ಕೇಳಿ. ಎರಡನೇ ಮನೆ ಇರುವವರಿಗೆ, ಬ್ರಿಟನ್ನಿನ ಹೊರಗೆ ನೆಲೆಸಿರುವವರಿಗೆ ಹೆಚ್ಚುವರಿ ದರ ಬೀಳುವ ಸಂದರ್ಭಗಳಿವೆ.

ಕಾನೂನಿನ ಲೆಕ್ಕದಲ್ಲಿ ಹಳೆಯ ಲೀಸ್ ಒಪ್ಪಿಸಿ ಹೊಸದನ್ನು ಪಡೆದ ಹಾಗೆ. ಅದು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾದಾಗಲೇ ಕೆಲಸ ಮುಗಿಯುವುದು. "ಕಂಪ್ಲೀಟ್ ಆಯಿತು" ಎಂದು ಇಮೇಲ್ ಬಂದ ಮೇಲೂ ತಿಂಗಳುಗಳು ಹಿಡಿಯಬಹುದು. ಹೊಸ ರಿಜಿಸ್ಟರ್ ಪ್ರತಿ ಬಂದಾಗ ನಾಲ್ಕು ಸಾಲು ಓದಿ: ಹೆಸರಿನ ಕಾಗುಣಿತ, ಅವಧಿ ಮುಗಿಯುವ ವರ್ಷ, ಬ್ಯಾಂಕಿನ ಚಾರ್ಜ್ (ಅಡಮಾನದ ನಮೂದು), ಹಳೆಯ ಟೈಟಲ್ ರದ್ದಾಗಿದೆಯೇ. ಫ್ಲ್ಯಾಟನ್ನು ಬಾಡಿಗೆಗೆ ಬಿಟ್ಟಿದ್ದರೆ ಪ್ರೀಮಿಯಂ ಮತ್ತು ಫೀಗಳ ರಸೀದಿ ಎತ್ತಿಡಿ. ಬಾಡಿಗೆ ಆದಾಯದಿಂದ ಆ ಖರ್ಚನ್ನು ಕಳೆಯಲು ಬರುವುದಿಲ್ಲ, ಮುಂದೆ ಮಾರಿದಾಗ ಕ್ಯಾಪಿಟಲ್ ಗೇನ್ಸ್ ಲೆಕ್ಕಕ್ಕೆ ಬೇಕಾಗುತ್ತದೆ.